ಹನ್ನೆರಡು ಹಂಚಿನ ಹಕ್ಕಿ

ನನ್ನದು ಹಳೆ ಹಂಚಿನ ವ್ಯಾಪಾರ, ಜೆಪ್ಪುವಿನಲ್ಲಿ.
ಮನೆ ಕೆಡಹುವವರು ಫೋನು ಮಾಡುತ್ತಾರೆ,
ನಾನೂ ಇದ್ದಿನಬ್ಬನೂ ಟೆಂಪೋದಲ್ಲಿ ಹೋಗುತ್ತೇವೆ.
ಬೆರಳ ಗೆಣ್ಣಿನಿಂದ ತಟ್ಟಿ ನೋಡುವುದು:
ಠಣ್ ಎಂದರೆ ಎಂಟು ರೂಪಾಯಿ,
ಬೊದ್ ಎಂದರೆ ರಸ್ತೆಯ ಗುಂಡಿಗೆ.

ಕರಂಗಲ್ಪಾಡಿಯಲ್ಲಿ ಒಬ್ಬ ವಕೀಲರ ಬಂಗಲೆ.
ಮಾಡಿನಿಂದಿಳಿಸಿದ ಒಂದು ಹಂಚಿನ ಅಡಿಯಲ್ಲಿ,
ಕಂಪೆನಿಯ ಮುದ್ರೆಗೆ ತಾಗಿಕೊಂಡು, ಬೆಳ್ಳಕ್ಕಿ.
ಹಸಿಮಣ್ಣಿನಲ್ಲಿ ಯಾರೋ ಗೀರಿದ್ದು, ಆಮೇಲೆ ಬೆಂದದ್ದು,
ಹಾಗಾಗಿ ಕೆಂಪು ಬೆಳ್ಳಕ್ಕಿ.
ರೆಕ್ಕೆ ಅರ್ಧ ಎತ್ತಿದೆ. ಕಾಲು ಇನ್ನೂ ನೀರಿನಲ್ಲಿ.
ಮೂಲೆಯಲ್ಲಿ ಒಂದು ಅಂಕೆ: ೭.

"ಏಳು ಅಂದರೆ ಎಂತದು?" ಕೇಳಿದೆ.
"ಆರರ ನಂತರದ್ದು," ಎಂದ ಇದ್ದಿನಬ್ಬ,
ಬಾಯಿಂದ ಬೀಡಿ ತೆಗೆಯದೆ.
ತಮಾಷೆಗೆ ಹೇಳಿದ್ದು.
ಅದೇ ಸರಿಯುತ್ತರ ಎಂದು ತಿಳಿಯಲು
ನನಗೆ ಆರು ವರ್ಷ ಹಿಡಿಯಿತು.

ಬಂದರದ ಒಣಮೀನಿನ ಗೋದಾಮಿನಲ್ಲಿ ಮೂರನೆಯದು,
ಕತ್ತು ಬಗ್ಗಿಸಿ ಏನನ್ನೋ ಕಾಯುವ ಹಕ್ಕಿ.
ಕುಳಾಯಿಯ ಶಾಲೆಯಲ್ಲಿ ಎಂಟೂ ಒಂಬತ್ತೂ ಅಕ್ಕಪಕ್ಕ.
ಹನ್ನೊಂದು ಉಳ್ಳಾಲದ ಒಂದು ಬಚ್ಚಲ ಮಾಡಿನಲ್ಲಿ,
ಹೊಗೆ ಕುಡಿದು ಕುಡಿದು ಕಪ್ಪು.
ಅದರಲ್ಲಿ ಬರೀ ಬಾಲ, ಜೋತ ಎರಡು ಕಾಲು.
ಉಳಿದ ಹಕ್ಕಿ ಹಂಚಿನ ಅಂಚು ದಾಟಿ ಹೊರಗೆ.

ಅಕ್ಕನ ಮಗಳು ಜೋಯ್ಲಿನ್
ಐದನ್ನೂ ಜಗಲಿಯಲ್ಲಿ ಸಾಲಾಗಿಟ್ಟು ನೋಡಿದಳು.
ಕಾಗದ ಹಾಸಿ, ಪೆನ್ಸಿಲು ಉಜ್ಜಿ, ಹಕ್ಕಿಗಳನ್ನು ಎಬ್ಬಿಸಿಕೊಂಡಳು.
ಬಿಸ್ಕೆಟ್ ಡಬ್ಬಿಯ ಮೈಗೆ ಹನ್ನೆರಡು ಸೀಳು ಕೊರೆದು,
ಒಳಗೆ ಸುತ್ತಲೂ ಅಂಟಿಸಿದಳು, ಸಿಗದವುಗಳ ಜಾಗ ಖಾಲಿ ಬಿಟ್ಟು.
ಕೆಟ್ಟ ಟೇಬಲ್ ಫ್ಯಾನನ್ನು ಅಂಗಾತ ಮಲಗಿಸಿ
ಅದರ ಮೂತಿಯ ಮೇಲೆ ಡಬ್ಬಿ ಕೂರಿಸಿ ತಿರುಗಿಸಿದಳು.
ಸಿನೆಮಾಕ್ಕಿಂತ ಹಳೆಯ ಆಟಿಕೆ ಮಾಮ ಇದು,
ಮೇಲಿನಿಂದ ಇಣುಕಬೇಡಿ, ಸೀಳಿಗೆ ಕಣ್ಣಿಡಿ.

ಮೇಲಿನಿಂದ ಬರೀ ಬೂದುಬಣ್ಣದ ಗಂಜಿ.
ಸೀಳಿನಲ್ಲಿ ಹಾರಿತು.
ತಡವರಿಸುತ್ತ, ನಡುನಡುವೆ ಇಲ್ಲವಾಗುತ್ತ,
ಏಳು ಎಂಟು ಒಂಬತ್ತರಲ್ಲಿ ಮಾತ್ರ ನಿಜವಾಗಿ,
ಆದರೆ ಹಾರಿತು ಮಾರಾಯ್ರೆ.
ಸೀಳಿಗೂ ಸೀಳಿಗೂ ನಡುವೆ ತಗಡು, ಕತ್ತಲೆ.
ಆ ಕತ್ತಲೆಯಲ್ಲೇ ರೆಕ್ಕೆ ಬಡಿಯುವುದಂತೆ.
ನನಗೆ ಅರ್ಥವಾಗದ್ದೇನಲ್ಲ:
ಹಂಚಿಗೂ ಹಂಚಿಗೂ ಚೂರು ಸಂದು ಬಿಡದಿದ್ದರೆ
ಮಾಡು ಉಸಿರಾಡುವುದಿಲ್ಲ.

ಗೀರಿದವನನ್ನು ನಾನು ಎಂದೋ ಕಲ್ಪಿಸಿಕೊಂಡಿದ್ದೆ.
ಅಚ್ಚು ಒತ್ತುವವ, ದಪ್ಪ ಮೀಸೆ,
ಲಾದ್ರು ಎಂದು ಹೆಸರನ್ನೂ ಇಟ್ಟಿದ್ದೆ.
ಜೋಯ್ಲಿನ್ ಬೆರಳಿಟ್ಟು ತೋರಿಸಿದಳು:
ಪ್ರತಿ ಗೆರೆಯೂ ಜೋಡಿ, ನೂಲಿನಷ್ಟು ಅಂತರ.
ತುರುಬಿನ ಪಿನ್ನು ಎಳೆದು
ಅಕ್ಕ ನಾದಿಟ್ಟ ಚಪಾತಿ ಹಿಟ್ಟಿನ ಮೇಲೆ ಒತ್ತಿದಳು.
ಅದೇ ಗೆರೆ.

ಹಸಿಹಂಚು ಹೊತ್ತು ಒಣಹಲಗೆಗೆ ಸೇರಿಸುತ್ತಿದ್ದವರು ಹೆಂಗಸರು.
ಲಾದ್ರು ತನ್ನ ಮೀಸೆಯೊಂದಿಗೆ ಎದ್ದು ಹೋದ.

ದೊರೆಯ ಬಂಗಲೆ ಗುಡಿಸುವಾಗ
ಮಕ್ಕಳ ಡಬ್ಬಿಯಲ್ಲಿ ಕುದುರೆ ಓಡುವುದನ್ನು ಕಂಡಳೋ,
ನೇತ್ರಾವತಿಯ ಬದಿಯಲ್ಲಿ ಬುತ್ತಿ ಬಿಚ್ಚಿ ಕೂತಾಗ
ಹಕ್ಕಿಯೇ ಕಲಿಸಿತೋ, ಗೊತ್ತಿಲ್ಲ.
ಹನ್ನೆರಡೂ ಒಂದೇ ಮಾಡಿಗೆ ಏರುವುದಿಲ್ಲವೆಂದು
ಅವಳಿಗಂತೂ ಗೊತ್ತಿತ್ತು.
ಆದರೂ ಅಂಕೆ ಹಾಕಿದಳು.
ಹನ್ನೆರಡು ಮನೆಯವರು ಅಂಗಾತ ಮಲಗಿ,
ನಿದ್ದೆ ಬಾರದ ರಾತ್ರಿ,
ಒಂದೊಂದು ಚೂರು ಹಾರಾಟವನ್ನು
ಪೂರ್ತಿ ಹಕ್ಕಿಯೆಂದೇ ನಂಬಿ ನೋಡಿರಬೇಕು.

ನಿನ್ನೆ ಬಿಜೈಯಲ್ಲಿ ಒಂದು ಸಿಕ್ಕಿತು. ಅಂಕೆ ೧.
ಹಕ್ಕಿಯಿಲ್ಲ.
ಜೋಡಿಗೆರೆಯ ನೀರು, ಒಂದು ಹುಲ್ಲು ಕಡ್ಡಿ, ಅಷ್ಟೇ.
ಇನ್ನೂ ಬಂದಿರಲಿಲ್ಲ ಅದು.
ಇದ್ದಿನಬ್ಬ ತಟ್ಟಿ ನೋಡಿದ. ಬೊದ್.
ನನ್ನ ಮುಖ ನೋಡಿದ.
ಹೆಗಲ ಬೈರಾಸು ತೆಗೆದು ಅವನೇ ಸುತ್ತಿದ,
ಮನೆ ಬರುವವರೆಗೂ ತೊಡೆಯ ಮೇಲಿಟ್ಟುಕೊಂಡ.