ಕೈ ತೋರಿಸು

ಮೊದಲು ಆ ಮರದ ಸೌಟನ್ನು ಒಲೆಗೆ ಹಾಕಿದೆ.
ಅತ್ತೆ ಕೊಟ್ಟದ್ದು, ನಲವತ್ತು ವರ್ಷ
ಹೇಜಲ್ ಬೀಜದ ಎಣ್ಣೆ ಕುಡಿದು ಕಪ್ಪಾದದ್ದು.
ಉರಿಯುವಾಗಲೂ ಹುರಿದ ಬೀಜದ ವಾಸನೆಯನ್ನೇ ಬಿಟ್ಟಿತು, ಹಠಮಾರಿ.
ಕಿಟಕಿ ತೆರೆದೆ. ಉಚಾ ಇನ್ನೂ ಶಾಲೆಯಲ್ಲಿದ್ದ.

ನಮ್ಮ ಜುಗ್ದಿದಿಯ ಕಡೆ ಅಂಗಳವೆಂದರೆ ಬೀಜ.
ಟಾರ್ಪಾಲಿನ ಮೇಲೆ ಹರಡಿ, ಕಾಲಲ್ಲಿ ಗೀರಿ, ಮೂಟೆ ಕಟ್ಟಿ
ಲಾರಿಯವನೊಡನೆ ಚೌಕಾಸಿಗೆ ನಿಂತರೆ
ಚಳಿಗಾಲದ ಸೌದೆ, ನನ್ನ ಕಟ್ಟಿಸಿದ ಹಲ್ಲು, ಮಾಡಿನ ತಗಡು,
ಎಲ್ಲ ಆ ಗುಂಡು ಕಾಯಿಯ ಋಣ.
ಅಂಥ ಮನೆಯ ಹುಡುಗನಿಗೆ
ಬೀಜವೇ ಆಗಿಬರುವುದಿಲ್ಲ ಎಂದಳು ಡಾಕ್ಟರಮ್ಮ.
ನಕ್ಕೆ. ಗೋಧಿಯೂ ಆಗದು ಎಂದಾಗ
ಇನ್ನೂ ಜೋರಾಗಿ ನಕ್ಕೆ.
ನಮ್ಮ ಕಾಲದಲ್ಲಿ ಹಸಿವೊಂದೇ ಕಾಯಿಲೆ,
ಸಿಕ್ಕಿದ್ದೆಲ್ಲ ಔಷಧಿ, ಅಂದೆ.

ಆಮೇಲೆ ಹೊಸ ವರ್ಷದ ರಾತ್ರಿ.
ಸೊಸೆಗೆ ಹೇಳಿದ್ದೇನೆ, ಪಾದ್ರಿಗೆ ಹೇಳಿದ್ದೇನೆ,
ಒಲೆಗೂ ಹೇಳುತ್ತೇನೆ:
ಗೊತ್ತಿದ್ದೇ ಕೊಟ್ಟೆ. ಅರ್ಧ ಬೀಜ.
ರೂಢಿಯಾದರೆ ಸರಿಹೋಗುತ್ತದೆ ಎಂದು.
ಮೊದಲು ತುಟಿ, ಆಮೇಲೆ ಕಣ್ಣು,
ಆಮೇಲೆ ಆ ಶಿಳ್ಳೆಯಂಥ ಉಸಿರು.
ಬೊಂಡೊನ ಹಳೆಯ ಕಾರು, ಮಡಿಲಲ್ಲಿ ಮಗು,
ಆಸ್ಪತ್ರೆಗೆ ಹನ್ನೊಂದು ನಿಮಿಷ.
ಹನ್ನೊಂದನ್ನು ಈಗಲೂ ಗಡಿಯಾರದಲ್ಲಿ ನೋಡಲಾರೆ.

ಇವತ್ತು ಹೊಸ ಸೌಟು, ಹೊಸ ಸೂಜಿ, ಹೊಸ ದಾರ.
ಮೂಟೆಗಳೆಲ್ಲ ಬೊಂಡೊನ ಕೊಟ್ಟಿಗೆಗೆ ಹೋದವು.
ತಾಮ್ರದ ಕಡಾಯಿಗೆ ಬೂದಿ, ಉಪ್ಪು, ವಿನೆಗರ್, ಮತ್ತೆ ಬೂದಿ,
ನನ್ನ ಮುಖ ಕಾಣುವಷ್ಟು ತಿಕ್ಕಿದೆ.
ಕಂಡ ಮುಖ ಹಿಡಿಸಲಿಲ್ಲ. ಇನ್ನೊಮ್ಮೆ ತಿಕ್ಕಿದೆ.

ಚುರ್ಚ್‌ಖೇಲಾ ಅಂದರೆ ಬೀಜ ಪೋಣಿಸಿದ ದಾರವನ್ನು
ಕುದಿಸಿದ ದ್ರಾಕ್ಷಿರಸದಲ್ಲಿ ಅದ್ದಿ ಅದ್ದಿ ತೆಗೆಯುವುದು.
ಬೀಜ ಬಿಟ್ಟರೆ ಇನ್ನೇನುಂಟು, ಎಂದಳು ಬೇಲಿಯಾಚೆಯ ಎತೇರಿ,
ಹುಡುಗನಿಗೆ ದಾರ ತಿನ್ನಿಸುತ್ತೀಯಾ?
ಒಣಸೇಬಿನ ಚೂರು ಪೋಣಿಸಿದೆ. ನಡುನಡುವೆ ಪರ್ಸಿಮನ್.
ಬೀಜವಾದರೆ ಸೂಜಿಗೆ ಕಟ್ಟೆಂದು ದಾರಿ ಬಿಡುತ್ತದೆ,
ಹಣ್ಣು ಹಾಗಲ್ಲ, ಸೂಜಿಯನ್ನೇ ಹಿಡಿದು ಕೂರುತ್ತದೆ.
ಬೆರಳು ಕಲಿತದ್ದನ್ನು ಬೆರಳೇ ಮರೆಯಬೇಕು.

ರಸ ಅರ್ಧಕ್ಕಿಳಿಯುವ ತನಕ ನೊರೆ ತೆಗೆಯುತ್ತ ನಿಂತೆ.
ಗೋಧಿಯ ಬದಲು ಬಿಳಿ ಮುಸುಕಿನ ಜೋಳದ ಹಿಟ್ಟು,
ತಣ್ಣನೆಯ ರಸದಲ್ಲಿ ಗಂಟಿಲ್ಲದಂತೆ ಕದಡಿ ಸುರಿದೆ.
ಮೊದಲ ದಾರ ಅದ್ದಿ ಎತ್ತಿದರೆ ರಸವೆಲ್ಲ ಜಾರಿ
ಸೇಬಿನ ಚೂರುಗಳು ಬೆತ್ತಲೆ, ನಾಚಿಕೊಂಡ ಹಾಗೆ.
ಇನ್ನೊಂದು ಹಿಡಿ ಹಿಟ್ಟು. ಇನ್ನಷ್ಟು ಉರಿ. ರಟ್ಟೆ ಸೋತಿತು.
ಎರಡನೆಯದು ಹಿಡಿಯಿತು,
ನೇರಳೆ ಅಂಗಿ ತೊಟ್ಟು ಬಟ್ಟೆಯ ತಂತಿಯಲ್ಲಿ ತೂಗಿತು
ಉಚಾನ ಕಾಲುಚೀಲಗಳ ಪಕ್ಕ.

ಬಂದ. ಚೀಲವನ್ನು ಹೊಸ್ತಿಲಲ್ಲೇ ಇಟ್ಟ.
ತಂತಿಯ ಕೆಳಗೆ ನಿಂತು ನೋಡಿದ, ಬಹಳ ಹೊತ್ತು,
ಕೈ ಬೆನ್ನ ಹಿಂದೆ ಕಟ್ಟಿಕೊಂಡು.
ಅಂಗಡಿಯ ಗಾಜಿನ ಈಚೆ ನಿಂತು ಕಲಿತ ನಿಲುವು ಅದು.
ನಿನಗೇ, ಅಂದೆ.
ಎಂಟು ವರ್ಷದವನು ನನ್ನತ್ತ ತಿರುಗಿ ಹೇಳಿದ:
ಅಜ್ಜಿ, ಕೈ ತೋರಿಸು.

ಊಟಕ್ಕೆ ಮುಂಚೆ ಎಷ್ಟು ಮಕ್ಕಳಿಗೆ ಇದೇ ಮಾತು ಹೇಳಿಲ್ಲ ನಾನು!
ಎರಡೂ ಕೈ ಚಾಚಿದೆ. ಮೂಸಿದ.
ಉಗುರಿನ ಸಂದು ನೋಡಿದ, ಉಂಗುರ ಹೊರಳಿಸಿ ನೋಡಿದ.
ಒಣಗಲು ಎಷ್ಟು ದಿನ?
ಬಿಸಿಲಿದ್ದರೆ ಐದು.
ಹಾಗಾದರೆ ತಳದಲ್ಲಿ ಉಳಿದದ್ದು?

ಹೊಸ ಸೌಟನ್ನೇ ಕೈಗೆ ಕೊಟ್ಟೆ.
ಕಡಾಯಿಯೊಳಗೆ ಅರ್ಧ ಇಳಿದು ಕೆರೆಯತೊಡಗಿದ.
ನಾನು ಗಡಿಯಾರದ ಎದುರು ಕುರ್ಚಿ ಎಳೆದು ಕೂತೆ.
ಒಂಬತ್ತು. ಹತ್ತು.
ಹನ್ನೊಂದನ್ನು ನೋಡಿದೆ.
ಹನ್ನೆರಡಕ್ಕೆ ಇನ್ನೂ ಕೆರೆಯುತ್ತಿದ್ದ.