ಕಳ್ಳ ನೀಲಿ

ಭಾನುವಾರ ಹನ್ನೊಂದಕ್ಕೆ, ಕೌಲ್ ಬಜಾರಿನ ಓಣಿಯಲ್ಲಿ
ಷಟರ್ ಅರ್ಧ ಎತ್ತಿ, ಬಗ್ಗಿ ಒಳಗೆ ಹೋಗುತ್ತೇವೆ.
ಇಪ್ಪತ್ತೆರಡು ಹೊಲಿಗೆ ಮಷೀನು
ತಲೆಗೆ ಬಟ್ಟೆ ಹೊದ್ದು ಮಲಗಿರುತ್ತವೆ.

ಮಿಕ್ಕ ದಿನ ನಾನಿಲ್ಲಿ ಪೀಸಿನ ಲೆಕ್ಕದವಳು.
ಜಿಪ್ಪಿಗಿಷ್ಟು, ಜೇಬಿಗಿಷ್ಟು, ಬೆಲ್ಟಿನ ಕುಣಿಕೆಗೆ ಇಷ್ಟು.
ಶನಿವಾರ ರಜೆ; ಬದಲಿಗೆ ದೀಪಾವಳಿ ಮುಂಚಿನ
ರಾತ್ರಿಪಾಳಿಯೆಲ್ಲ ನನ್ನದು.
ಪಂಪಾಪತಿ ಶೆಟ್ಟರಿಗೂ ನನಗೂ ಬಾಯಿಮಾತಿನ ಕರಾರು.
ಭಾನುವಾರದ ಬೀಗದ ಕೈ ಮಾತ್ರ
ಅವರಾಗಿ ಕೊಟ್ಟದ್ದು, ಕಾರಣ ಕೇಳದೆ.

ಬೋರ್ಡಿಲ್ಲ. ಮಿಕ್ಕ ಡೆನಿಮ್ಮಿನ ತುಂಡೊಂದನ್ನು
ಮೊಳೆಗೆ ಸಿಕ್ಕಿಸಿ ಟೇಲರ್ ಚಾಕಿನಲ್ಲಿ ಬರೆಯುತ್ತೇನೆ:
ಆಲೆಫ್. ಬೇತ್. ಗಿಮೆಲ್.
ಕೊಡವಿದರೆ ಅಳಿಸಿತು. ಮತ್ತೆ ಬರೆ.

ಮಷೀನಿಗೆ ಎಣ್ಣೆ ಬಿಡಲು ಬಂದ ಕಟಿಂಗ್ ಮಾಸ್ಟರ್ ಖಾದರ್‌ಬಾಷಾ
ಕನ್ನಡಕ ಹಣೆಗೇರಿಸಿ ನೋಡುತ್ತಾನೆ:
‘ನಮ್ಮಂಗೇ ಬಲಗಡೆಯಿಂದ ಹೊಂಟೀಯಲ್ಲವಾ,
ಎಲ್ಲಿಗೆ ಮುಟ್ತೀ ನೋಡಾಮು.’

ಎದುರಿಗೆ ಐದೇ ಮಂದಿ.
ಗುಂತಕಲ್ಲಿನಿಂದ ಪ್ಯಾಸೆಂಜರಿಗೆ ಬರುವ ನಿಸ್ಸಿಮ್,
ತೋರಣಗಲ್ಲಿನ ಯಾಯೆಲ್, ಕೆರೆನ್: ಒಂದು ಮೊಬೈಲಿಗೆ ನಾಲ್ಕು ಕಣ್ಣು.
ನನ್ನ ತಮ್ಮ ಏಝ್ರಾ; ಅಕ್ಕ ಅನ್ನಬೇಕೋ ಟೀಚರ್ ಅನ್ನಬೇಕೋ ತಿಳಿಯದೆ
ಎರಡು ವರ್ಷದಿಂದ ನನ್ನನ್ನು ಏನೂ ಕರೆದಿಲ್ಲ.
ಆರು ವರ್ಷದ ಬಿನ್ಯಾಮಿನ್
ಕೊನೆಗೆ ಸಿಗುವ ಮಲೀದಾಕ್ಕಾಗಿ ಬರುತ್ತಾನೆ, ಮುಚ್ಚಿಡುವುದೂ ಇಲ್ಲ.

ಹತ್ತು ಗಂಡಸರಿದ್ದರೆ ಮಾತ್ರ ಹೇಳುವ ಪ್ರಾರ್ಥನೆಗಳಿವೆ.
ತಾತ ಲೋಕೋ ಶೆಡ್ಡಿನಲ್ಲಿದ್ದಾಗ
ಗುಂತಕಲ್ಲು, ಹುಬ್ಬಳ್ಳಿ, ಇಲ್ಲಿಯವರು ಕೂಡಿದರೆ ಹನ್ನೊಂದಾಗುತ್ತಿದ್ದರಂತೆ.
ಹನ್ನೊಂದು!
ಆ ಹನ್ನೊಂದನೆಯವನ ಮೇಲೆ ನನಗೆ ಹೊಟ್ಟೆಕಿಚ್ಚು.
ಸೆಕೆಯೆಂದು ನಡುವೆ ಎದ್ದು
ಬೇವಿನ ನೆರಳಿಗೆ ಹೋಗಬಹುದಿತ್ತು ಅವನು,
ಏನೂ ನಿಲ್ಲುತ್ತಿರಲಿಲ್ಲ.

ಆ ಪ್ರಾರ್ಥನೆಗಳನ್ನೂ ಕಲಿಸುತ್ತೇನೆ,
ಹೊಳೆಯಿಲ್ಲದ ಊರಲ್ಲಿ ಈಜು ಕಲಿಸಿದಂತೆ.

ಇವತ್ತಿನ ಪಾಠ ಕುಚ್ಚು ಕಟ್ಟುವುದು.
ಹೊದೆಯುವ ಬಟ್ಟೆಯ ನಾಲ್ಕು ಮೂಲೆಗೆ ನಾಲ್ಕು ಕುಚ್ಚು,
ನಾಲ್ಕೆಳೆ ಮಡಿಸಿದರೆ ಎಂಟು, ಗಂಟು ಐದು.
ಬಿಳಿಯ ನಡುವೆ ಒಂದೆಳೆ ನೀಲಿ ಇರಬೇಕಿತ್ತು, ಅಂದೆ.
ಕಡಲಿನ ಯಾವುದೋ ಹುಳದ ಬಣ್ಣ ಅದು.
ಯಾವ ಹುಳವೆಂಬುದೇ ನಮ್ಮವರಿಗೆ ಮರೆತುಹೋಯಿತು.
ಅಂದಿನಿಂದ ಎಲ್ಲ ಬಿಳಿಯೇ.

ನಿಸ್ಸಿಮ್ ಬೋರ್ಡಿನ ಅಂಚಿನಿಂದ ಒಂದೆಳೆ ಎಳೆದ.
‘ಇಲ್ಲೇ ಐತಲ್ಲಕ್ಕಾ.’

ಇದಲ್ಲವೋ. ಇದು ನೀಲಿಗಿಡದ ಬಣ್ಣ,
ಈಗಂತೂ ಗಿಡದ್ದೂ ಅಲ್ಲ, ಡ್ರಮ್ಮಿನದು.
ಕಳ್ಳ ನೀಲಿ. ನೋಡಲು ಅದೇ, ಆದರೆ ಸಲ್ಲದು.
ಹಿರಿಯರು ಆ ಕಾಲಕ್ಕೇ ಎಚ್ಚರಿಸಿ ಹೋಗಿದ್ದಾರೆ.

ಅವನು ಅಂಗೈ ತಿರುಗಿಸಿ ತೋರಿಸಿದ: ನೀಲಿ.
ಯಾಯೆಲ್ ತನ್ನದು ನೋಡಿಕೊಂಡಳು. ಬಿನ್ಯಾಮಿನ್ ಎರಡೂ ಕೈ ಎತ್ತಿದ.
ಚಾಕು ಹಿಡಿದ ನನ್ನ ಬೆರಳು, ಖಾದರ್‌ಬಾಷಾನ ಮೊಳಕೈವರೆಗೂ.
‘ಹಂಗಾದ್ರೆ ಇದು?’

ಎಣ್ಣೆಯ ಹನಿ ಮಷೀನಿಗೆ ಬೀಳುವುದು ಕೇಳಿಸಿತು.

ಶುಕ್ರವಾರದ ರೊಟ್ಟಿಗೆ ಮುಚ್ಚುವ ಅಮ್ಮನ ಬಿಳಿ ವಸ್ತ್ರದಲ್ಲಿ
ನನ್ನ ಹೆಬ್ಬೆಟ್ಟಿನ ಗುರುತೊಂದಿದೆ.
ಮೂರು ಸಲ ಕುದಿಸಿದರೂ ಹೋಗಿಲ್ಲ.
ಅದನ್ನು ಹೇಳಬೇಕೆಂದುಕೊಂಡೆ.
‘ಗಂಟು ಸಡಿಲಾಗಿದೆ, ಬಿಚ್ಚಿ ಕಟ್ಟು’ ಅಂದೆ.

ಆಮೇಲೆ ಡಬ್ಬಿ ತೆಗೆದೆ: ನೆನೆದ ಅವಲಕ್ಕಿ, ಬೆಲ್ಲ, ಕಾಯಿತುರಿ.
ನೀಲಿ ಕೈಗಳಿಗೆಲ್ಲ ಒಂದೊಂದು ಹಿಡಿ,
ಎಣ್ಣೆಯ ಕೈಗೂ.
ನಿಸ್ಸಿಮ್ ಆ ಎಳೆಯನ್ನು ಸುತ್ತಿ ಜೇಬಿಗೆ ಇಳಿಸಿದ್ದು ಕಂಡೆ.
ರೈಲಿಗೆ ಹೊತ್ತಾಯಿತು, ಓಡು, ಅಂದೆ.

ತುಂಡನ್ನು ಕೊಡವಿದೆ. ಎಲ್ಲ ಉದುರಿತು,
ಲಾಮೆದ್ ಒಂದು ಬಿಟ್ಟು.
ಒದ್ದೆ ಬಟ್ಟೆಯಲ್ಲಿ ಉಜ್ಜಿದರೂ
ಉದ್ದ ಕತ್ತಿನ ಆ ಅಕ್ಷರ ಮಸುಕಾಗಿ ನಿಂತಿತ್ತು.
‘ಇರಲಿ ಬಿಡು, ಒಳಮೈಗೆ ಬರ್ತೈತಿ’ ಎಂದು ಖಾದರ್‌ಬಾಷಾ
ಅದನ್ನು ಸೋಮವಾರದ ಅಟ್ಟಿಯ ಮೇಲಿಟ್ಟ.
ಯಾರದೋ ಜೇಬಾಗುತ್ತದೆ.