ಕೊನೆಯ ಟ್ರಿಪ್ಪು

ಗೆತಾರಿಯಾದ ಚೆಂಡಾಟದ ಅಂಗಳ. ಮೂರು ಗೋಡೆ,
ಮಡಚುವ ಕುರ್ಚಿ ಮುನ್ನೂರು.
ಮೀನಿಗೆ ಉಪ್ಪು ಹಾಕುವ ಕಾರ್ಖಾನೆಯ ವಾಸನೆ
ಬಾಗಿಲು ತೆರೆದಾಗಲೆಲ್ಲ ಒಳಗೆ ಬಂದು ಕೂರುತ್ತದೆ
ಟಿಕೆಟ್ಟು ತಗೊಂಡವರ ಹಾಗೆ.

ವಸ್ತು ಕೊಡುವ ಮಿರೆಂಚು ಚೀಟಿ ಓದಿದಳು:
"ಗರಾಸಿ, ನೀನು ಬಸ್ ಡ್ರೈವರು. ರಾತ್ರಿಯ ಕೊನೆಯ ಟ್ರಿಪ್ಪು.
ಹಿಂದಿನ ಸೀಟಿನಲ್ಲಿ ಒಬ್ಬ ಮುದುಕ ನಿದ್ದೆ ಹೋಗಿದ್ದಾನೆ.
ಮೂರು ಪದ್ಯ. ಧಾಟಿ ನಿನ್ನಿಷ್ಟ."

ನಮ್ಮ ಕಸುಬು ತಲೆಕೆಳಗು:
ಕೊನೆಯ ಸಾಲು ಮೊದಲು ಹೊಳೆಯಬೇಕು,
ಅದನ್ನು ಜೇಬಿಗೆ ಹಾಕಿಕೊಂಡು ಅದರ ಕಡೆಗೇ
ಪ್ರಾಸದಿಂದ ಪ್ರಾಸಕ್ಕೆ ಕಾಲಿಟ್ಟು ಹೋಗಬೇಕು.
ಮೊದಲ ಪದ್ಯ ಹಾಗೇ ದಾಟಿತು. ಎರಡನೆಯದಕ್ಕೆ
ಜೇಬು ತಡವಿದೆ. ತೂತು.

ಚಿಕ್ಕಂದಿನಿಂದ ನೋಟ್‌ಬುಕ್ಕಿನಲ್ಲಿ ಸಾಕಿದ ಪ್ರಾಸಗಳು
ಪಕ್ಕದ ಮನೆಯ ಕೋಳಿಗಳ ಹಾಗೆ, ಕರೆದರೆ ಬರಲಿಲ್ಲ.
ಬಸ್ಸು ಎಂಬ ಪದವೇ ಯಾವ ಭಾಷೆಯದೋ.
ಮೈಕಿನ ಜಾಲರಿಯಲ್ಲಿ ಯಾರದೋ ಲಿಪ್‌ಸ್ಟಿಕ್ಕು.
ಎಡಗಾಲ ಬೂಟಿನ ದಾರ ಬಿಚ್ಚಿದೆ.
ಮುನ್ನೂರು ಜನ ಒಟ್ಟಿಗೆ ಉಸಿರು ಹಿಡಿದರೆ
ಅದಕ್ಕೂ ಒಂದು ಸದ್ದಿದೆ, ಗೊತ್ತಿರಲಿಲ್ಲ.

ಹತ್ತು ಎಣಿಸು ಅನ್ನುತ್ತಾರೆ ತಿಳಿದವರು.
ಎಣಿಸಿದೆ. ಹತ್ತರ ಆಚೆ ಹನ್ನೊಂದಿತ್ತು, ಅಷ್ಟೇ.

ಬೇರೇನೂ ಇಲ್ಲದ್ದರಿಂದ, ಇದ್ದದ್ದನ್ನೇ ಹಾಡಿದೆ:

"ಏರಿನ ನಡುವೆ ನಿಂತೇ ಬಿಟ್ಟಿತು ಬಸ್ಸು,
ತಿರುವಿ ತಿರುವಿ ಸೋತೆನು ಕೀಲಿ.
ದೀಪವೂ ಆರಿದೆ. ಓಡಿಸುವವಳ ತಲೆ
ಟ್ಯಾಂಕಿನ ಹಾಗೇ ಖಾಲಿ.
ಏಳಬೇಡ ತಾತ, ಮಲಗಿರು, ನನಗೀಗ
ನಿನ್ನ ಗೊರಕೆಯೊಂದೇ ಜೋಲಿ.
ನಿನ್ನ ಕನಸಿನಲ್ಲಿ ಬಸ್ಸು ಓಡುತಿದ್ದರೆ
ಇತ್ತ ಎಸೆ ಅದರ ಕೀಲಿ."

ಕೊನೆಯ ಸಾಲು ಜನಕ್ಕೆ ಮೊದಲೇ ಗೊತ್ತಾಗಿ
ನನಗಿಂತ ಮುಂಚೆ ಹಾಡಿದರು. ನಿಜ ಹೇಳಬೇಕೆಂದರೆ
ಅವರ ಬಾಯಿಂದಲೇ ನಾನದನ್ನು ಕೇಳಿಸಿಕೊಂಡೆ.

ಕೀಲಿ ಎರಡು ಸಲ ಬಂತು. ಅದಕ್ಕೆ ನಮ್ಮಲ್ಲಿ ಪೋತೊ ಅಂತಾರೆ,
ಅಂಕ ಕತ್ತರಿಸುತ್ತಾರೆ. ಕತ್ತರಿಸಿದರು.
ಎಂಟು ಜನರಲ್ಲಿ ಏಳನೆಯವಳು ನಾನು.
ಮೂರನೆಯ ಪದ್ಯ ಏನು ಹಾಡಿದೆನೋ, ನೆನಪಿಲ್ಲ.

ಆಮೇಲೆ, ಸೇಬಿನ ಮದ್ಯ ಸುರಿಯುವಲ್ಲಿ,
ಬೆರಳಿಂದ ಇನ್ನೂ ಮೀನುಪ್ಪು ಹೋಗದ ಒಬ್ಬ ಮುದುಕಿ
ನನ್ನ ತೋಳು ಹಿಡಿದಳು.
ಎಲ್ಲಿ ಸಮಾಧಾನ ಹೇಳಿಬಿಡುತ್ತಾಳೋ ಎಂದು ಹೆದರಿದೆ.
"ಅಲ್ಲವೇ, ಆ ತಾತ
ಕೊನೆಗೆ ಇಳಿದದ್ದು ಯಾವ ಸ್ಟಾಪಿನಲ್ಲಿ?"

ಬಗ್ಗಿ ಬೂಟಿನ ದಾರ ಕಟ್ಟಿಕೊಂಡೆ,
ನಿಧಾನವಾಗಿ, ಯೋಚಿಸುತ್ತಾ.